ಗೋಳಿಬಜೆಗಿಂತ ಮೊದಲು ಒಂದು ಸಹಿ

ನಾನು ವಿಮಾ ಏಜೆಂಟ್. ಫರಂಗಿಪೇಟೆಯಿಂದ ಲಾಯಿಲದವರೆಗೆ, ಆ ಕಡೆ ಮಿಜಾರಿನವರೆಗೆ ಇಪ್ಪತ್ತೆರಡು ವರ್ಷ ಸ್ಕೂಟರಿನಲ್ಲಿ ತಿರುಗಿ, ಜನರಿಗೆ ನಾಳೆಯ ಭಯವನ್ನು ನೆನಪಿಸಿಯೇ ಹೊಟ್ಟೆ ಹೊರೆದವನು. ಈ ಕೆಲಸಕ್ಕೆ ಬೇಕಾದ ಅರ್ಹತೆ ನನಗೆ ಹುಟ್ಟಿನಿಂದಲೇ ಬಂದದ್ದು. ಮನೆಯಿಂದ ಹೊರಟವನು ಗೇಟಿನಿಂದ ಎರಡು ಸಲ ವಾಪಸು ಬಂದು ಗ್ಯಾಸ್ ಆರಿಸಿದ್ದೇನಾ ನೋಡುತ್ತೇನೆ. ಮೂರನೆಯ ಸಲ ಬಂದರೆ ಹೆಂಡತಿ ಒಳಗಿನಿಂದಲೇ, "ಆರಿದೆ, ನೀವೂ ಸ್ವಲ್ಪ ಆರಿ" ಅನ್ನುತ್ತಾಳೆ. ಗಿರಾಕಿಗಳಿಗೆ ನಾನು ತಪ್ಪದೆ ಹೇಳುವ ಮಾತು ಒಂದೇ: ಓದದೆ ಸಹಿ ಹಾಕಬೇಡಿ. ಮೊದಲು ಸಣ್ಣ ಅಕ್ಷರ ಓದಿ, ದೊಡ್ಡ ಅಕ್ಷರ ಅದರಷ್ಟಕ್ಕೆ ಕಾಣುತ್ತದೆ.

ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದೆ ನೀವು ನಗುವಾಗ ಸರಿಯಾದ ಜಾಗದಲ್ಲಿ ನಗಬೇಕು ಅಂತ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಸೋಮವಾರ ಬೆಳಿಗ್ಗೆ ರಸ್ತೆಯ ಆಚೆ ಕಡೆಯ ಮನೆಯ ಅಕ್ಕ ಅಂಗಳಕ್ಕೆ ಬಂದರು. ಬ್ಯಾರಿ ಮುಸ್ಲಿಂ ಮನೆತನದವರು, ಅರುವತ್ತು ದಾಟಿದವರು, ಈಗಲೂ ಬೀಡಿ ಕಟ್ಟುತ್ತಾರೆ. ಅವರ ಗಂಡನನ್ನು ಊರೆಲ್ಲ ಕಾಕ ಅಂತಲೇ ಕರೆಯುವುದು. ಫರಂಗಿಪೇಟೆಯಲ್ಲಿ ಜಿನಸಿನ ಅಂಗಡಿ ಇಟ್ಟುಕೊಂಡಿದ್ದವರು. ಮೂತ್ರಪಿಂಡ ಕೈಕೊಟ್ಟ ಮೇಲೆ ಅಂಗಡಿ ಬಿಟ್ಟರು, ಸಕ್ಕರೆ ಕಾಯಿಲೆಗೆ ಒಂದು ಪಾದವನ್ನೂ ಬಿಟ್ಟರು. ವಾರಕ್ಕೆ ಮೂರು ಸಲ ತಾಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು.

"ಏಜೆಂಟ್ರೇ, ಚಾ ಆಯ್ತಾ?"

"ಆಯ್ತು ಅಕ್ಕ. ಎಂತ, ಇಷ್ಟು ಬೇಗ?"

"ಎಂತದ್ದೂ ಇಲ್ಲ. ನಮ್ಮ ದಾರಿಗೆ ಗೋಡೆ ಕಟ್ತಾರಂತೆ."

ನಮ್ಮಲ್ಲಿ ದೊಡ್ಡ ಸುದ್ದಿ ಹೇಳುವ ಕ್ರಮವೇ ಹೀಗೆ. ಮನೆಗೆ ಬೆಂಕಿ ಬಿದ್ದರೂ ಮೊದಲು ಚಾ ವಿಚಾರಿಸಬೇಕು.

ಅವರ ಮನೆಗೂ ಡಾಮರು ರಸ್ತೆಗೂ ನಡುವೆ ಇರುವುದು ಒಂದು ಕಾಲುದಾರಿ. ಎರಡು ಕಡೆ ಖಾಲಿ ಗುಡ್ಡೆ, ನಡುವೆ ವೀಲ್‌ಚೇರ್ ಹೋಗುವಷ್ಟು ಅಗಲ. ಮನೆಯ ಹಿಂದೆ ನೀರು ಹರಿಯುವ ತೋಡು. ಅಂದರೆ ಹೊರಗೆ ಬರಲಿಕ್ಕೆ ಬೇರೆ ದಾರಿ ಇಲ್ಲ. ವಾರಕ್ಕೆ ಮೂರು ದಿನ ಅಕ್ಕ ಕಾಕನನ್ನು ಕೂರಿಸಿ ಆ ದಾರಿಯಲ್ಲಿ ದೂಡಿಕೊಂಡು ಬರುತ್ತಾರೆ. ರಿಕ್ಷಾ ರಸ್ತೆಯಲ್ಲಿ ಕಾಯುತ್ತದೆ. ಆ ದಿನ ದಾರಿಯ ಬಾಯಲ್ಲಿ ಒಂದು ಲಾರಿ ಕೆಂಪುಕಲ್ಲು ಬಿದ್ದಿತ್ತು. ಎರಡೂ ಕಡೆಯ ಜಾಗವನ್ನು ಒಬ್ಬರೇ ಖರೀದಿಸಿ ಸೈಟು ಮಾಡುತ್ತಿದ್ದರು. ನಡುವಿನ ದಾರಿ ಅವರಿಗೆ ಹಲ್ಲಿನ ನಡುವೆ ಸಿಕ್ಕಿದ ನಾರಿನ ಹಾಗೆ.

ನಾನು ಓಡಿದೆ. ನಿಜವಾಗಿ ಓಡಿದೆ, ಲುಂಗಿಯಲ್ಲೇ. ಮೇಸ್ತ್ರಿ ಹಗ್ಗ ಹಿಡಿದು ಅಳತೆ ತೆಗೆಯುತ್ತಿದ್ದ.

"ನಮ್ಮ ಹತ್ತಿರ ಜಗಳ ಬೇಡ ಮಾರಾಯ್ರೆ" ಅಂದ. "ಗ್ರಾಮಸಭೆಯಲ್ಲಿ ಪಾಸಾಗಿ ಉಂಟಂತೆ. ಊರಿನವರೇ ಒಪ್ಪಿದ್ದಾರಂತೆ. ಮಳೆ ಪೂರ್ತಿ ಬಿಡಲಿ, ಮತ್ತೆ ಎಬ್ಬಿಸ್ತೇವೆ."

"ಯಾವ ಊರಿನವರು?"

"ನಿಮ್ಮ ಊರಿನವರೇ. ನಾನು ಮೂಡುಬಿದಿರೆ ಕಡೆಯವ."

ಆ ಗ್ರಾಮಸಭೆಗೆ ನಾನು ಹೋಗಿದ್ದೆ. ಬೇಸಗೆಯ ಕೊನೆಯಲ್ಲಿ ನಡೆದದ್ದು. ಅಕ್ಕನೂ ಬಂದಿದ್ದರು. ಜನ ಬೀದಿದೀಪದ ಬಗ್ಗೆ ಮಾತಾಡಿದರು, ಮಂಗಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು. ದಾರಿಯ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇಷ್ಟು ವರ್ಷ ಆಗದೇ ಇದ್ದದ್ದಕ್ಕೆಲ್ಲ ಚಿಂತೆ ಮಾಡಿದವನಿಗೆ ಕೊನೆಗೂ ಆಗಿಯೇ ಹೋದದ್ದು ಒಂದು ಸಿಕ್ಕಿತ್ತು. ಹೇಳಲು ನಾಚಿಕೆ, ಒಳಗೊಳಗೆ ಖುಷಿಯೂ ಆಯಿತು.

ನಮ್ಮ ಪಂಚಾಯತ್ ಯಾವುದು ಅಂತ ಬರೆಯುವುದಿಲ್ಲ. ನಾಳೆ ಮನೆತೆರಿಗೆ ಕಟ್ಟಲು ನಾನೇ ಅಲ್ಲಿಗೆ ಹೋಗಬೇಕು. ಹಿಂದೆ ಅದು ಹಂಚಿನ ಕಟ್ಟಡ. ಜಗಲಿಯಲ್ಲಿ ಬೆಂಚು, ಒಳಗೆ ಮೇಜು, ಮೇಜಿನ ಮೇಲೆ ಕೆಂಪು ಬಟ್ಟೆ ಹೊದ್ದ ನಿರ್ಣಯ ಪುಸ್ತಕ. ಸಭೆಯಲ್ಲಿ ಏನು ತೀರ್ಮಾನ ಆಯಿತು ಅಂತ ಯಾರು ಬೇಕಾದರೂ ಪುಟ ತಿರುಗಿಸಿ ನೋಡಬಹುದಿತ್ತು. ನನ್ನ ತಂದೆ ರೇಶನ್ನಿಗೆ ಹೋದವರು ಹಾಗೇ ಹೊಕ್ಕು ಅದನ್ನು ಪೇಪರು ಓದಿದ ಹಾಗೆ ಓದಿ, ತಪ್ಪು ಕಂಡಲ್ಲಿ ಕಾರ್ಯದರ್ಶಿಗೆ ಬೈದು ಬರುತ್ತಿದ್ದರು. ಕಾರ್ಯದರ್ಶಿ ಅವರಿಗೆ ವಾಪಸು ಬೈಯುತ್ತಿದ್ದರು. ಗ್ರಾಮಸಭೆ ಇದ್ದರೆ ಮೂರು ದಿನ ಮೊದಲೇ ರಿಕ್ಷಾದಲ್ಲಿ ಮೈಕು ಕಟ್ಟಿ ಕೂಗಿಕೊಂಡು ಹೋಗುತ್ತಿದ್ದರು.

ಈಗ ಹೊಸ ಕಟ್ಟಡ. ಗಾಜಿನ ಕೌಂಟರು, ಗಾಜಿನ ಅಡಿಯಲ್ಲಿ ಅರ್ಧಚಂದ್ರದ ತೂತು. ಮಾತಾಡಬೇಕಾದರೆ ಬಗ್ಗಬೇಕು. ಬಗ್ಗಿ ಕೇಳಿದರೆ ಸ್ವಂತ ಹಕ್ಕನ್ನು ಕೇಳಿದರೂ ಸಾಲ ಕೇಳಿದ ಹಾಗೆ ಕಾಣುತ್ತದೆ. ಮೈಕಿನ ಬದಲು ವಾಟ್ಸ್‌ಆ್ಯಪ್ ಗ್ರೂಪು. ಅದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು, ಉಳಿದವರು ಹೆಬ್ಬೆರಳು ಎತ್ತಬಹುದು. ಒಂದು ಬಾಗಿಲನ್ನೂ ಯಾರೂ ನಮ್ಮ ಮುಖಕ್ಕೆ ಹೊಡೆದು ಹಾಕಲಿಲ್ಲ. ಪ್ರತಿಯೊಂದೂ ಬರುವಾಗ ಸುಧಾರಣೆ ಅಂತಲೇ ಬಂತು. ಗಾಜು ಬಂದಾಗ ಚಂದ ಕಂಡಿತು ಅಂತ ಹೇಳಿದವರಲ್ಲಿ ನಾನೂ ಒಬ್ಬ.

ಅಭಿವೃದ್ಧಿ ಅಧಿಕಾರಿ, ಜನರ ಬಾಯಲ್ಲಿ ಪಿಡಿಒ, ಕೆಟ್ಟ ಮನುಷ್ಯರಲ್ಲ. ನನಗಿಂತ ಚಿಕ್ಕವರು, ನನ್ನಷ್ಟೇ ಗಾಬರಿಯವರು. ನಾಲ್ಕು ಫೋನು ಒಟ್ಟಿಗೆ ಬರುತ್ತಿರುವ ಮುಖ.

"ಸರ್, ಬೇಸಗೆಯ ಗ್ರಾಮಸಭೆಯ ನಿರ್ಣಯ ಒಮ್ಮೆ ನೋಡಬೇಕಿತ್ತು" ಅಂದೆ, ಬಗ್ಗಿ.

"ಎಲ್ಲ ಆನ್‌ಲೈನಲ್ಲಿ ಉಂಟು."

"ಅಲ್ಲಿ ಹುಡುಕಿದೆ ಸರ್. ಸಭೆಯ ಫೋಟೋ ಮಾತ್ರ ಉಂಟು. ನಾನು ಗೋಳಿಬಜೆ ತಿನ್ನುವ ಫೋಟೋ."

"ಹಾಗಾದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಾವು ಕಾನೂನು ಪ್ರಕಾರ ಕೊಡ್ತೇವೆ."

ನನ್ನ ತಂದೆ ರೇಶನ್ ಚೀಲ ಕಂಕುಳಲ್ಲಿಟ್ಟು ಓದುತ್ತಿದ್ದ ಪುಸ್ತಕವನ್ನು ನೋಡಲು ನನಗೆ ಕಾನೂನು ಬೇಕಾಯಿತು. ಆದರೆ ಕಾನೂನು ಇತ್ತಲ್ಲ! ಆ ಸಂಜೆಯೇ ಅರ್ಜಿ ಬರೆದೆ. ನಕಲು ಬೇಡ, ಮೂಲ ಪುಸ್ತಕವನ್ನೇ ಕಣ್ಣಾರೆ ಪರಿಶೀಲಿಸಬೇಕು ಅಂತ ಬರೆದೆ. ಐದು ಸಲ ತಿದ್ದಿದೆ. 'ದಯವಿಟ್ಟು' ಎರಡು ಕಡೆ ಇತ್ತು, ಒಂದನ್ನು ಧೈರ್ಯ ಮಾಡಿ ಹೊಡೆದುಹಾಕಿದೆ.

ಹೆಂಡತಿ ಹೆಗಲ ಮೇಲಿಂದ ಇಣುಕಿದಳು. "ಮದುವೆಗೆ ಮೊದಲು ನನಗೆ ಬರೆದ ಕಾಗದ ಕೂಡ ಇಷ್ಟು ಸಲ ತಿದ್ದಿರಲಿಲ್ಲ."

"ಅದಕ್ಕೆ ಮೂವತ್ತು ದಿನದೊಳಗೆ ಉತ್ತರ ಬರಬೇಕು ಅಂತ ಕಾನೂನಿರಲಿಲ್ಲ."

ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಅಂಟಿಸಿ ರಿಜಿಸ್ಟರ್ ಮಾಡಿ ಹೊರಗೆ ಬಂದಾಗ ಏನೋ ಕದ್ದುಕೊಂಡು ಬಂದವನ ಹಾಗೆ ಆಚೀಚೆ ನೋಡಿ ಸ್ಕೂಟರು ಹತ್ತಿದೆ. ಆಮೇಲೆ ದಿನ ಎಣಿಸಿದ್ದೇ ಎಣಿಸಿದ್ದು. ಬೆಳಿಗ್ಗೆ ಎದ್ದು ಆಕಾಶ ನೋಡುತ್ತಿದ್ದೆ. ಮಳೆ ಬಂದರೆ ಖುಷಿ, ಮೇಸ್ತ್ರಿ ಬರುವುದಿಲ್ಲ. ಬಿಸಿಲು ಬಂದರೆ ದಾರಿಯ ಬಾಯಿಗೆ ಹೋಗಿ ಕಲ್ಲು ಎಣಿಸಿ ಬರುತ್ತಿದ್ದೆ. ಅಕ್ಕ ಕಲ್ಲಿನ ರಾಶಿಯ ಪಕ್ಕದಲ್ಲಿ ವೀಲ್‌ಚೇರನ್ನು ಓರೆಮಾಡಿ ದೂಡುತ್ತಿದ್ದರು. ಕಾಕ ಕೂತಲ್ಲಿಂದಲೇ ಕೈ ಚಾಚಿ ಕಲ್ಲು ಮುಟ್ಟಿ, "ಒಳ್ಳೆ ಕಲ್ಲು ಏಜೆಂಟ್ರೇ, ಗೋಡೆ ಗಟ್ಟಿ ನಿಲ್ತದೆ" ಅನ್ನುತ್ತಿದ್ದರು. ಅಂಗಡಿಯವರಲ್ಲವಾ, ಮಾಲು ಒಳ್ಳೆಯದಿದ್ದರೆ ಹೇಳದೆ ಇರಲಾರರು.

ಇಪ್ಪತ್ತೊಂಬತ್ತನೆಯ ದಿನ ಉತ್ತರ ಬಂತು. ಬಂದು ಪರಿಶೀಲಿಸಬಹುದು. ಅಂದೇ ಗ್ರೂಪಿನಲ್ಲಿ ಇನ್ನೊಂದು ಸಂದೇಶವೂ ಬಿತ್ತು: ಎರಡನೆಯ ಸುತ್ತಿನ ಗ್ರಾಮಸಭೆ, ಬರುವ ಮಂಗಳವಾರ ಹನ್ನೊಂದು ಗಂಟೆಗೆ.

ಅಕ್ಕನನ್ನೂ ಕರೆದುಕೊಂಡು ಹೋದೆ. ಅವರು ಹಬ್ಬಕ್ಕೆ ಹೊಲಿಸಿದ ಬಟ್ಟೆ ಹಾಕಿಕೊಂಡಿದ್ದರು. ನಾನು ಕನ್ನಡಕ ಎರಡು ಜೊತೆ ಹಿಡಿದುಕೊಂಡಿದ್ದೆ, ಒಂದು ಒಡೆದರೆ ಇರಲಿ ಅಂತ. ಪಿಡಿಒ ನಮ್ಮನ್ನು ಗಾಜಿನ ಒಳಗೆ ಕೂರಿಸಿ ಪುಸ್ತಕ ತೆರೆದರು. ಹಾಳೆ ಮಗುಚುವ ಸದ್ದಿಗೇ ನಾನು ಕನ್ನಡಕ ಏರಿಸಿದೆ. ಮಂಗಗಳ ಹಾವಳಿ ಎಂಟನೆಯ ವಿಷಯ. ಅದರ ಕೆಳಗೆ ಒಂಬತ್ತನೆಯದು, ಉಳಿದವಕ್ಕಿಂತ ಸ್ವಲ್ಪ ಸಣ್ಣ ಅಕ್ಷರದಲ್ಲಿ, ಒತ್ತಿ ಒತ್ತಿ ಬರೆದದ್ದು. ನಾನು ಗಟ್ಟಿಯಾಗಿ ಓದಿದೆ. "ಸದರಿ ಕಾಲುದಾರಿಯು ಬಹಳ ವರ್ಷಗಳಿಂದ ಸಾರ್ವಜನಿಕರ ಬಳಕೆಯಲ್ಲಿ ಇಲ್ಲದಿರುವುದರಿಂದ ಅದನ್ನು ಮುಚ್ಚಲು ಸಭೆಯು ಸರ್ವಾನುಮತದಿಂದ ಒಪ್ಪಿಗೆ ನೀಡಿತು."

"ಸರ್ವಾನುಮತ ಅಂದ್ರೆ?" ಅಕ್ಕ ಕೇಳಿದರು.

"ಎಲ್ಲರೂ ಒಪ್ಪಿದ್ದಾರೆ ಅಂತ."

"ಎಲ್ಲರೂ ಅಂದ್ರೆ ಯಾರು?"

ಅದೇ ಪುಟದಲ್ಲಿ ಕಣ್ಣು ಇಳಿಸಿದೆ. ಕೆಳಗೆ ಸಹಿಗಳ ಸಾಲು. ಮೊದಲನೆಯದೇ ದೊಡ್ಡದು, ಸೊಕ್ಕಿನದು, ಬಾಲ ಸುರುಳಿ ಸುತ್ತಿ ಕೆಳಗೆ ಎರಡು ಚುಕ್ಕೆ ಇಟ್ಟದ್ದು. ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಸಾವಿರಾರು ಪಾಲಿಸಿಗಳ ಮೇಲೆ ನೋಡಿದ್ದೆ. ನನ್ನದೇ.

ಅದರ ಕೆಳಗೆ, ಸಾಕ್ಷರತೆಯ ತರಗತಿಯಲ್ಲಿ ಕಲಿತ ದುಂಡು ಅಕ್ಷರದಲ್ಲಿ, ಅಕ್ಕನದು.

ಆಗ ನೆನಪಾಯಿತು. ಸಭಾಭವನದ ಬಾಗಿಲಲ್ಲಿ ಒಂದು ಮೇಜು. ಅದರ ಮೇಲೆ ಪುಸ್ತಕ, ಮೇಲಿನ ಭಾಗ ಖಾಲಿ, ಕೆಳಗೆ ಸಹಿಗೆ ಗೆರೆ. ಆಚೆ ಮೇಜಿನಲ್ಲಿ ಚಾ, ಗೋಳಿಬಜೆ. "ಹಾಜರಿಗೆ ಒಂದು ಸಹಿ ಹಾಕಿ, ತಿಂಡಿ ತಗೊಳ್ಳಿ" ಅಂತ ನಮ್ಮ ವಾರ್ಡಿನ ಮೆಂಬರು ನಗುತ್ತ ಪೆನ್ನು ಚಾಚಿದ್ದರು. ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸುವವರ ಮುಂದೆ ನಿಂತು ಇದು ಯಾವ ಕಂಪೆನಿಯದ್ದು ಅಂತ ಕೇಳುತ್ತೇವಾ? ನಮ್ಮ ಕಡೆ, ಎದುರು ಮನುಷ್ಯ ನಿಂತಿರುವಾಗ ಕಾಗದ ಓದಿ ಸಹಿ ಹಾಕುವುದೆಂದರೆ ಅವನನ್ನು ನಂಬುವುದಿಲ್ಲ ಅಂತ ಮುಖದ ಮೇಲೆ ಹೇಳಿದ ಹಾಗೆ. ಮರ್ಯಾದಸ್ಥರು ಓದುವುದಿಲ್ಲ. ನಾವೆಲ್ಲ ಬಹಳ ಮರ್ಯಾದಸ್ಥರು. ಬಿಸಿ ಗೋಳಿಬಜೆಯ ವಾಸನೆ ಬೇರೆ. ಜೀವನವಿಡೀ ಸಣ್ಣ ಅಕ್ಷರ ಓದಿ ಅಂತ ಬೋಧಿಸಿದವನು ಅಕ್ಷರವೇ ಇಲ್ಲದ ಹಾಳೆಗೆ, ಎಲ್ಲರಿಗಿಂತ ಮೊದಲು, ಎರಡು ಚುಕ್ಕೆ ಇಟ್ಟು ಸಹಿ ಹಾಕಿದ್ದೆ.

ಪಿಡಿಒ ಮೆಲ್ಲಗೆ ಕೇಳಿದರು, "ಸಹಿ ನಿಮ್ಮದೇ ಅಲ್ವಾ?"

"ನನ್ನದೇ" ಅಂದೆ. ಭೂಮಿ ಬಾಯಿಬಿಡಲಿಲ್ಲ. ಹೊಸ ಕಟ್ಟಡ, ಗಟ್ಟಿ ಟೈಲ್ಸು.

ಅಕ್ಕ ತನ್ನ ಸಹಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಅಳುತ್ತಾರೇನೋ ಅಂತ ನನಗೆ ಹೆದರಿಕೆ. ಅವರು ತಲೆ ಎತ್ತಿ ತುಳುವಿನಲ್ಲಿ, ಬಹಳ ಶಾಂತವಾಗಿ ಕೇಳಿದರು.

"ಸರ್, ಈ ಸಹಿ ಹಾಕಲಿಕ್ಕೆ ಆ ದಿನ ನಾನು ಯಾವ ದಾರಿಯಲ್ಲಿ ನಡೆದು ಬಂದೆ?"

ಪಿಡಿಒ ಗಾಜಿನ ಆಚೆ ನೋಡಿ, "ಮೊನ್ನೆ ಮೊನ್ನೆ ಬಂದವ ನಾನು, ಅಕ್ಕ. ಬರೆದದ್ದು ನಾನಲ್ಲ. ಮಂಗಳವಾರ ಸಭೆಯಲ್ಲಿ ಕೇಳಿ. ಹಿಂದಿನ ಸಭೆಯ ವರದಿ ಓದಲೇಬೇಕು ಅಂತ ನಿಯಮ ಉಂಟು. ಯಾರಾದರೂ ಓದಿ ಅಂತ ಹೇಳಿದರೆ ಓದಬೇಕು" ಅಂದರು. ಆಮೇಲೆ ಇನ್ನೂ ಮೆಲ್ಲಗೆ, "ಹೇಳುವವರು ಇರುವುದಿಲ್ಲ" ಅಂತ ಸೇರಿಸಿದರು.

ಹೊರಗೆ ಬರುತ್ತ ನಾನು ತಲೆ ತಗ್ಗಿಸಿ, "ನನ್ನ ಸಹಿ ನೋಡಿಯೇ ನೀವೂ ಹಾಕಿದ್ದಲ್ಲವಾ ಅಕ್ಕ?" ಅಂದೆ.

"ಹೌದು ಮತ್ತೆ. ಏಜೆಂಟ್ರು ಓದದೆ ಹಾಕುವವರಲ್ಲ ಅಂತ ಗ್ರಹಿಸಿದೆ."

ಅದು ತಮಾಷೆಯೋ ಬೈಗುಳವೋ ಇವತ್ತಿಗೂ ಗೊತ್ತಾಗಿಲ್ಲ. ಎರಡೂ ಇರಬೇಕು.

ಆಮೇಲಿನ ನಾಲ್ಕು ದಿನ ನನ್ನ ಬದುಕಿನ ಅತ್ಯಂತ ಉತ್ಸಾಹದ ನಾಲ್ಕು ದಿನ. ಗ್ಯಾಸ್ ನೋಡಲು ಒಮ್ಮೆಯೂ ವಾಪಸು ಬರಲಿಲ್ಲ. ಮೈಕಿನ ರಿಕ್ಷಾ ಇಲ್ಲದಿದ್ದರೆ ಏನಾಯಿತು, ನನ್ನ ಸ್ಕೂಟರು ಇತ್ತು. ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಗೇಟಿನಲ್ಲಿ, ಶನಿವಾರ ಭಜನೆ ಮುಗಿದ ಮೇಲೆ ಭಜನಾ ಮಂದಿರದ ಮೆಟ್ಟಿಲಿನಲ್ಲಿ, ಸೋಮವಾರ ಹಾಲಿನ ಡಿಪೋದಲ್ಲಿ ನಿಂತು ಹೇಳಿದೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚನ್ನು ಅಕ್ಕ ನೋಡಿಕೊಂಡರು. ನಾನು ಮೂರು ಕಡೆ ಹೇಳಿದ್ದು ಹತ್ತು ಜನಕ್ಕೆ ತಲುಪಿದರೆ, ಅವರು ಬ್ರಾಂಚಿನಲ್ಲಿ ಒಮ್ಮೆ ಹೇಳಿದ್ದು ಇಡೀ ಊರಿಗೆ ತಲುಪಿತು. ಅವರು ಹೇಳಿದ್ದೂ ಒಂದೇ ಮಾತು: ಬನ್ನಿ, ಆದರೆ ಬಾಗಿಲಲ್ಲಿ ಸಹಿ ಹಾಕಬೇಡಿ.

ಮಂಗಳವಾರ ಸಭಾಭವನದ ಅಂಗಳ ತುಂಬಿತ್ತು. ಅದೇ ಬಾಗಿಲು, ಅದೇ ಮೇಜು, ಅದೇ ಗೋಳಿಬಜೆ. ಮೆಂಬರು ಪೆನ್ನು ಚಾಚಿದರು.

"ಬನ್ನಿ ಅಕ್ಕ, ಒಂದು ಸಹಿ ಹಾಕಿ, ಚಾ ಕುಡಿಯುವ."

"ಚಾ ಮನೆಯಲ್ಲಿ ಆಯ್ತು. ಸಹಿ ಸಭೆ ಮುಗಿದ ಮೇಲೆ, ಬರೆದದ್ದನ್ನು ಓದಿ ಹೇಳಿದ ಮೇಲೆ."

"ಎಂತ ಅಕ್ಕ, ನಮ್ಮ ಮೇಲೆ ನಂಬಿಕೆ ಇಲ್ವಾ?"

ಇದೇ ಪ್ರಶ್ನೆಗೆ ಹೆದರಿ ನಾವೆಲ್ಲ ಇಷ್ಟು ವರ್ಷ ಸಹಿ ಹಾಕಿದ್ದು.

"ನಿಮ್ಮ ಮೇಲೆ ಉಂಟು" ಅಂದರು ಅಕ್ಕ. "ಖಾಲಿ ಕಾಗದದ ಮೇಲೆ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸರದಿ ಮೇಜಿನ ಹತ್ತಿರ ನಿಲ್ಲಲಿಲ್ಲ. ಒಬ್ಬರ ಹಿಂದೆ ಒಬ್ಬರು, ಬಂಟರ ಮನೆಯವರು, ಬ್ಯಾರಿಗಳು, ಪೂಜಾರಿ ಮನೆತನದವರು, ಎಲ್ಲರೂ ಸಹಿ ಹಾಕದೆ ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಗೋಳಿಬಜೆ ಮುಟ್ಟುವವರಿಲ್ಲ. ನಾನು ಒಂದನ್ನು ನೋಡಿದೆ, ಅದೂ ನನ್ನನ್ನು ನೋಡಿತು. ಕೈ ಕಟ್ಟಿಕೊಂಡು ಹೋದೆ.

ವೇದಿಕೆಯಲ್ಲಿ ಗಡಿಬಿಡಿ. ಸಹಿ ಇಲ್ಲದಿದ್ದರೆ ಕೋರಂ ಇಲ್ಲ, ಕೋರಂ ಇಲ್ಲದಿದ್ದರೆ ಸಭೆ ಇಲ್ಲ. ಸಭೆ ಮುಂದೂಡಿದರೆ ನಮಗೇ ನಷ್ಟ, ಅಷ್ಟರಲ್ಲಿ ಗೋಡೆ ಎದ್ದಿರುತ್ತದೆ. ಈ ಸಾಧ್ಯತೆ ನನಗೆ ಹೊಳೆದದ್ದು ಆ ಕ್ಷಣದಲ್ಲೇ. ಎಲ್ಲ ಚಿಂತೆ ಮಾಡುವವನು ಅದೊಂದನ್ನು ಮರೆತಿದ್ದೆ.

ಸಭೆ ನಡೆಸಿಕೊಡಲು ಬೇರೆ ಇಲಾಖೆಯಿಂದ ಒಬ್ಬ ಅಧಿಕಾರಿಯನ್ನು ಕಳುಹಿಸುವುದು ಕ್ರಮ. ಆ ಸಲ ಬಂದವರು ಪಶುವೈದ್ಯೆ. ಗಂಭೀರ ಹೆಂಗಸು, ಹಟಮಾರಿ ದನಗಳನ್ನು ನೋಡಿ ಅಭ್ಯಾಸ ಇದ್ದವರು. ಮೆಂಬರು ಕಿವಿಯಲ್ಲಿ ಏನೋ ಹೇಳಿದರು. ಪಶುವೈದ್ಯೆ ಮೈಕು ಎಳೆದುಕೊಂಡು, "ಜನ ಕಣ್ಣೆದುರು ಕೂತಿದ್ದಾರಲ್ಲ, ನಾನೇ ಎಣಿಸ್ತೇನೆ" ಅಂದರು. ಎದ್ದು, ಬೆರಳಿನಿಂದ, ಒಂದು, ಎರಡು ಅಂತ ಗಟ್ಟಿಯಾಗಿ ಎಣಿಸಿದರು. ಎಣಿಸಿ ಬರೆದುಕೊಂಡರು. "ಈಗ ಹಿಂದಿನ ವರದಿ ಓದಿ."

ಪಿಡಿಒ ಓದಿದರು. ಒಂಬತ್ತನೆಯ ವಿಷಯಕ್ಕೆ ಬಂದಾಗ ಸ್ವರ ಸಣ್ಣದಾಯಿತು. ಪುಸ್ತಕದ ಕನ್ನಡ, ಅರ್ಧ ಜನಕ್ಕೆ ತಲೆಯ ಮೇಲಿಂದ ಹೋಯಿತು.

"ಅದನ್ನೊಮ್ಮೆ ತುಳುವಿನಲ್ಲಿ ಹೇಳಿ" ಅಂತ ಅಕ್ಕ ಕೂತಲ್ಲಿಂದಲೇ ಕೂಗಿದರು.

ಪಿಡಿಒ ತುಳುವಿನಲ್ಲಿ ಹೇಳಿದರು: ಆ ದಾರಿಯಲ್ಲಿ ಯಾರೂ ನಡೆಯುವುದಿಲ್ಲ, ಆದ್ದರಿಂದ ಮುಚ್ಚಬಹುದು ಅಂತ ನೀವೆಲ್ಲ ಹೇಳಿದ್ದೀರಿ. ಇಡೀ ಸಭಾಭವನ ನಕ್ಕಿತು. ಕೋಪ ಬಂದದ್ದು ನಗು ಮುಗಿದ ಮೇಲೆ. ನಾನು ಎದ್ದು ನಿಂತೆ.

"ಮೊದಲ ಸಹಿ ನನ್ನದು" ಅಂದೆ. "ಹಾಕುವಾಗ ಆ ಹಾಳೆ ಖಾಲಿ ಇತ್ತು. ನಾನು ಓದಲಿಲ್ಲ, ಓದಲಿಕ್ಕೆ ಏನೂ ಇರಲಿಲ್ಲ. ತಪ್ಪು ನನ್ನದು. ಆದರೆ ನಾನು ಒಪ್ಪಿದ್ದು ಗೋಳಿಬಜೆಗೆ ಮಾತ್ರ."

"ನಾನೂ!" ಅಂತ ಮೂಲೆಯಿಂದ ಒಂದು ಸ್ವರ. "ನಾನೂ ಹಾಗೆಯೇ!" ಅಂತ ಇನ್ನೊಂದು. ಯಾರೋ, "ನನಗೆ ಆ ದಿನ ಅದೂ ಸಿಗಲಿಲ್ಲ, ಮುಗಿದಿತ್ತು" ಅಂದರು. ಪಶುವೈದ್ಯೆ ಮೇಜು ತಟ್ಟಬೇಕಾಯಿತು. ಮೆಂಬರು ಚಾವಣಿಯ ಫ್ಯಾನು ನೋಡುತ್ತಿದ್ದರು.

ಹೊಸ ನಿರ್ಣಯ ನಮ್ಮೆದುರೇ ಬರೆದರು. ದಾರಿ ಬಳಕೆಯಲ್ಲಿದೆ, ಮುಚ್ಚಬಾರದು, ಹಿಂದಿನ ಒಂಬತ್ತನೆಯ ನಿರ್ಣಯ ರದ್ದು. ಪಿಡಿಒ ಒಂದೊಂದು ವಾಕ್ಯ ಬರೆದು ಮೊದಲು ಕನ್ನಡದಲ್ಲಿ, ಮತ್ತೆ ತುಳುವಿನಲ್ಲಿ ಓದಿದರು. ಆಮೇಲೆ ಸಹಿ. ಈ ಸಲ ಮೊದಲನೆಯದು ಅಕ್ಕನದು. ನನ್ನ ಸರದಿ ಬಂದಾಗ ಎರಡು ಸಲ ಓದಿದೆ, ಹಿಂದೆ ನಿಂತವರು ಗೊಣಗಿದರು. ಕೊನೆಯ ಸಾಲಿಗೂ ಸಹಿಗಳಿಗೂ ನಡುವೆ ನಾಲ್ಕು ಬೆರಳು ಜಾಗ ಖಾಲಿ ಉಳಿದಿತ್ತು. ವಿಮೆಯ ಫಾರಮಿನಲ್ಲಿ ನಾವು ಮಾಡುವ ಕೆಲಸವನ್ನೇ ಮಾಡಿದೆ: ಈ ಮೂಲೆಯಿಂದ ಆ ಮೂಲೆಗೆ ಒಂದು ಅಡ್ಡಗೆರೆ ಎಳೆದೆ. ಆಮೇಲೆ ಸಹಿ ಹಾಕಿದೆ. ಚುಕ್ಕೆ ಇಡಲಿಲ್ಲ. ಅಷ್ಟು ಸೊಕ್ಕು ಉಳಿದಿರಲಿಲ್ಲ.

ಗೋಳಿಬಜೆ ತಣ್ಣಗಾಗಿ ರಬ್ಬರಿನ ಹಾಗೆ ಆಗಿತ್ತು. ಮೂರು ತಿಂದೆ.

ಗಾಜಿನ ಕೌಂಟರು ಹಾಗೆಯೇ ಉಂಟು, ಗ್ರೂಪಿನಲ್ಲಿ ಈಗಲೂ ಹೆಬ್ಬೆರಳು ಮಾತ್ರ. ಸೈಟಿನವರು ಮೇಲಿನ ಕಚೇರಿಗೆ ಹೋಗುತ್ತಾರೆ ಅಂತ ಸುದ್ದಿ ಉಂಟು, ಅದರ ಚಿಂತೆಯನ್ನು ನಾನು ಆಗಲೇ ಶುರು ಮಾಡಿದ್ದೇನೆ. ಆದರೆ ಗುರುವಾರ ಬೆಳಿಗ್ಗೆ ಮೇಸ್ತ್ರಿ ಆಳುಗಳನ್ನು ಕರೆದುಕೊಂಡು ಬಂದು ದಾರಿಯ ಬಾಯಿಂದ ಕಲ್ಲು ಎತ್ತಿ ಲಾರಿಗೆ ತುಂಬಿದ. ರಿಕ್ಷಾ ರಸ್ತೆಯಲ್ಲಿ ಕಾಯುತ್ತಿತ್ತು. ಅಕ್ಕ ವೀಲ್‌ಚೇರನ್ನು ಓರೆ ಮಾಡದೆ, ದಾರಿಯ ನಟ್ಟನಡುವೆ ದೂಡಿಕೊಂಡು ಬಂದರು. ಕಾಕ ಲಾರಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಒಳ್ಳೆ ಕಲ್ಲು ಏಜೆಂಟ್ರೇ. ನಾಲ್ಕು ಕೇಳಿ ಇಟ್ಟುಕೊಳ್ಳಬಹುದಿತ್ತು."

"ನೀವು ಸುಮ್ಮನೆ ಕೂತುಕೊಳ್ಳಿ" ಅಂದರು ಅಕ್ಕ, ಇನ್ನಷ್ಟು ಜೋರಾಗಿ ದೂಡುತ್ತ.